ಚಂದ್ರನ ಗೇಟಿನಲ್ಲಿ ಹಂದಿ ಬಫಾತ್

ಚಂದ್ರನಿಗೆ ಹೋಗುವ ಮಧ್ಯಾಹ್ನದ ಗಾಡಿಗೆ ಜನ ಸಾಲು ನಿಂತಿದ್ದರು. ತಪಾಸಣೆಯ ವಿಠ್ಠಲ, ಸೆವ್ರಿನ್ ಬಾಯಿಯವರ ಸ್ಟೀಲ್ ಡಬ್ಬಿಯ ಮೇಲೆ ಕೈಯಿಟ್ಟ.

“ಬಾಯಮ್ಮ, ಮಾಂಸ ಆಚೆ ಬಿಡ್ಲಿಕ್ಕಿಲ್ಲ.”

“ಅಲ್ಲಿ ಮಗಳು ಐರಿನಳ ಮದುವೆ ಮಾರಾಯ. ಹಂದಿ ಬಫಾತ್ ಇಲ್ಲದ್ದನ್ನು ನಮ್ಮವರು ಮದುವೆ ಅಂತ ಒಪ್ಪುವುದುಂಟಾ? ನಿನ್ನೆ ಮಾಡಿದ್ದು, ಇವತ್ತಿಗೆ ರುಚಿ ಹಿಡಿದಿದೆ.”

“ಅಲ್ಲಿ ಇರುವುದೇ ಐದು ಹಂದಿ. ಇಲ್ಲಿನ ಹಂದಿಜ್ವರ ಮಾಂಸದಲ್ಲಿ ಹೋಗಿ ಒಂದಕ್ಕೆ ತಗುಲಿದ್ರೆ ಎಲ್ಲವೂ ಹೋದ ಹಾಗೆ. ಒಂದು ಗಬ್ಬ ಬೇರೆ.”

ಸೆವ್ರಿನ್ ಬಾಯಿ ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡರು. ಅವರೂ ಹಂದಿ ಸಾಕಿದವರೇ. ಗಬ್ಬದ ಹಂದಿಯ ಗೂಡಿನ ಹತ್ತಿರ ಹೊರಗಿನವರನ್ನು ಸುಳಿಯಗೊಟ್ಟವರಲ್ಲ.

ಡಬ್ಬಿಯ ಮುಚ್ಚಳ ತೆಗೆದು ಸಾಲಿನವರನ್ನೆಲ್ಲ ಕರೆದರು. “ಬನ್ನಿ, ಐರಿನಳ ಮದುವೆ ಊಟ ಈಚೆಯೇ ಆಗಲಿ. ವಿಠ್ಠಲ, ನೀನೂ ಬಾ.”

ಡಬ್ಬಿ ಖಾಲಿಯಾದ ಮೇಲೆ ಚೀಲದಿಂದ ಬಫಾತ್ ಪುಡಿಯ ಬಾಟಲಿ ತೆಗೆದರು. “ಇದು?”

“ಮೆಣಸು, ಕೊತ್ತಂಬರಿ ಅಲ್ವಾ? ಹೋಗ್ಬಹುದು.”

“ವರ್ಷ ಇಟ್ಟರೂ ಕೆಡುವುದಿಲ್ಲ. ಮೊಮ್ಮಗುವಿನ ಬ್ಯಾಪ್ಟಿಸಮ್ಮಿಗೆ ಅಲ್ಲಿನ ಮರಿಗಳೂ ದೊಡ್ಡದಾಗಿರ್ತವೆ.”

“ಮದುವೆಯೇ ಆಗಿಲ್ಲ, ಬಾಯಮ್ಮ,” ಎಂದ ವಿಠ್ಠಲ, ಬೆರಳು ನೆಕ್ಕುತ್ತಾ.

“ಆಗ್ತದೆ. ಬ್ಯಾಪ್ಟಿಸಮ್ಮಿಗೆ ನೀನೂ ಬಾ. ಗಾಡಿ ಹತ್ತುವ ಮುಂಚೆ ಕೈಕಾಲು ಸರಿ ತೊಳ್ಕೊ, ಅಲ್ಲಿ ನಮ್ಮ ಹಂದಿಗಳುಂಟು.”