ಕಾಶಿಬಾಯಿಯ ಮಡಿ

ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದ ವಾಸನೆ. ಕಿಣ್ಣಿ ಸುಲ್ತಾನ ಎಂಬ ತವರೂರಿನಲ್ಲಿ, ಶಾಲೆ ಬಿಟ್ಟು ಓಡಿ ಬರುತ್ತಿದ್ದ ಪುಟ್ಟ ಶಿವಗಂಗಾಳನ್ನು ಓಣಿಯ ತಿರುವಿನಲ್ಲೇ ತಡೆದು ನಿಲ್ಲಿಸುತ್ತಿದ್ದ ವಾಸನೆ ಅದು. ಈಗ ಅದು ನೆರೆ ಬಂದವರ ಕಾಳಜಿ ಕೇಂದ್ರದ ಅಂಗಳದಿಂದ ಎದ್ದು, ಕಿಟಕಿಯ ಸರಳು ದಾಟಿ ನೇರ ಅವಳ ಖಾಲಿ ಹೊಟ್ಟೆಗೇ ಇಳಿಯಿತು. ಅವಳು ಏಳಲೆಂದು ನೆಲಕ್ಕೆ ಕೈಯೂರಿದಳು.

"ಕೂಡು," ಎಂದಳು ಅತ್ತೆ ಕಾಶಿಬಾಯಿ. "ಆ ಮಂದಿ ಕೈಯಾಂದು ನಮಗ ಬ್ಯಾಡ."

ಶಿವಗಂಗಾ ಕೂತಳು. ತುಂಬಿದ ಬಸುರಿ. ಒಳಗಿನ ಕೂಸು ಬೆಳಗಿನಿಂದ ಒದೆಯುತ್ತಲೇ ಇತ್ತು.

ಭೀಮೆಯ ನೀರು ಕೊಳಕೂರಿನ ಮನೆಗಳಿಗೆ ನುಗ್ಗಿ, ಊರೆಲ್ಲ ಈ ದಿಬ್ಬದ ಶಾಲೆ ಸೇರಿತ್ತು. ಗಂಡ ಗುರುಶಾಂತ ಎಮ್ಮೆಗಳನ್ನು ಎತ್ತರದ ಊರಿಗೆ ಹೊಡೆದುಕೊಂಡು ಹೋಗುವಾಗ, ಅವ್ವ ಹೇಳಿದಂತೆ ಕೇಳೆಂದು ಹೇಳಿ ಹೋಗಿದ್ದ. ಅಡುಗೆಗೆ ನಿಂತವರು ಆಳಂದ ಕಡೆಯ ಒಂದು ಚರ್ಚಿನ ಮಹಿಳಾ ಸಂಘದವರು. ಬೀಸಲು ಜೋಳ ಅಳೆಯುವಾಗ ಮೊದಲ ಹಿಡಿಯನ್ನು ಬೇರೆ ಗಡಿಗೆಗೆ ಹಾಕುವುದು ಆ ಹೆಂಗಸರ ರೂಢಿಯಂತೆ. ವಾರಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ಪ್ರಾರ್ಥನೆಗೆ ಕೂಡಿದಾಗ ಗಡಿಗೆಗಳೆಲ್ಲ ಒಂದೇ ಚೀಲಕ್ಕೆ ಸುರಿಯುತ್ತವೆ. ಆ ಚೀಲಗಳೇ ಟೆಂಪೊ ಏರಿ ಇಲ್ಲಿಗೆ ಬಂದಿದ್ದವು.

ಅವರಲ್ಲಿ ಹಿರಿಯಳು ಸುವಾರ್ತಮ್ಮ. ಬಡಿಸುವುದು ಮುಗಿದರೂ ಕೂರುತ್ತಿರಲಿಲ್ಲ. ಯಾರದೋ ಮುದುಕಿಯ ಗಂಟುಗಟ್ಟಿದ ತಲೆಗೆ ಎಣ್ಣೆ ಹಚ್ಚುವಳು, ಯಾರದೋ ಕೂಸಿನ ಒದ್ದೆ ಅಂಗಿ ಒಲೆಯ ಮುಂದೆ ಹಿಡಿದು ಒಣಗಿಸುವಳು.

ಆ ಹೆಂಗಸರು ಊರ ಹೊರಗಿನ ಓಣಿಯವರೆಂದು ಎಲ್ಲರಿಗೂ ಗೊತ್ತು. ಮೊದಲ ದಿನ ಬಹಳ ಜನ ಮೂಗು ಮುರಿದರು. ಮರುದಿನ ಹಸಿವು ಗೆದ್ದಿತು. ಗೌಡರ ಮನೆಯ ಮುದುಕರೂ ಪತ್ರಾವಳಿ ಮುಂದೆ ಬಂದು ಕೂತರು. ಉಣ್ಣದೆ ಉಳಿದವಳು ಕಾಶಿಬಾಯಿ ಒಬ್ಬಳೇ. ಅವಳಿಂದಾಗಿ ಶಿವಗಂಗಾ.

ಊರಲ್ಲಿ ಕಾಶಿಬಾಯಿಯಷ್ಟು ಮಡಿಯ ಹೆಂಗಸು ಇನ್ನೊಬ್ಬಳಿರಲಿಲ್ಲ. ಹೊರಗಿನವರ ನೆರಳು ಬಿದ್ದ ಕೊಡವನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕುವವಳು. ನೆರೆಮನೆಯ ಖಾಸೀಂಬಿ ಉಂಡು ಕೈತೊಳೆದು ಬಂದವಳು ಬಾಗಿಲಲ್ಲೇ ನಿಂತು ಚುಚ್ಚಿದಳು: "ಭೀಮಾ ಎಲ್ಲಾ ಹೊತ್ತೊಯ್ದಳು ಅಂತ ಮಾಡಿದ್ದೆ, ಕಾಶಿಬಾಯಿ. ನಿನ್ನ ಮಡಿ ಒಂದ ಬಿಟ್ಟಾಳ ನೋಡು."

ಕಾಶಿಬಾಯಿ ಸೆರಗನ್ನು ಗಲ್ಲದವರೆಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕೂತಳು. ಗಂಟಿನಲ್ಲಿದ್ದ ಚುರುಮುರಿಯನ್ನೆಲ್ಲ ಸೊಸೆಗೇ ಕೊಟ್ಟು ತಾನು ಬರೀ ನೀರು ಕುಡಿದಿದ್ದಳು. ಶಿವಗಂಗಾ ಅದನ್ನೂ ಕಂಡಿದ್ದಳು. ಆದರೆ ಗಂಟು ಈಗ ಬರಿದಾಗಿತ್ತು. ಹಸಿದ ಹೊಟ್ಟೆಗೆ ಉಪಕಾರದ ನೆನಪು ಬಹಳ ಹೊತ್ತು ನಿಲ್ಲುವುದಿಲ್ಲ.

ಬಡಿಸುವ ಮುಂಚೆ ಆ ಹೆಂಗಸರು ಸಾಲಾಗಿ ನಿಂತು ಹಾಡೊಂದನ್ನು ಹೇಳುತ್ತಿದ್ದರು. ಆಗೆಲ್ಲ ಸೆರಗಿನೊಳಗೆ ಅತ್ತೆಯ ತುಟಿ ಅಲ್ಲಾಡುತ್ತಿತ್ತು. ಶಾಪ ಹಾಕುತ್ತಿದ್ದಾಳೆ ಎಂದುಕೊಂಡಳು ಶಿವಗಂಗಾ.

ಆ ಮಧ್ಯಾಹ್ನ ಎಲ್ಲರದೂ ಊಟವಾದ ಮೇಲೆ ಸುವಾರ್ತಮ್ಮ ಒಳಗೇ ಬಂದಳು. ಶಿವಗಂಗಾಳ ಹೊಟ್ಟೆ ನೋಡಿ, ಚೀಲದಿಂದ ಎರಡು ಬಾಳೆಹಣ್ಣು ತೆಗೆದು ಅವಳ ಮುಂದಿಟ್ಟಳು.

"ಇದಕ್ಕ ಸಿಪ್ಪಿ ಇರ್ತದವ್ವ. ನಾವು ಮುಟ್ಟಿದ್ದು ಒಳಗ ಹೋಗಂಗಿಲ್ಲ," ಎಂದು ನಕ್ಕಳು. ನಗು ಕಣ್ಣಿಗೆ ಏರಲಿಲ್ಲ. ಆಮೇಲೆ ಮೂಲೆಯ ಬೆನ್ನನ್ನು ನೋಡಿದಳು. "ಯವ್ವಾ, ನಿಮ್ಮ ತವರ ಯಾವೂರ್ರಿ?"

"ಅಫಜಲಪುರ," ಎಂದಿತು ಬೆನ್ನು.

ಶಿವಗಂಗಾ ಬೆರಗಾದಳು. ಅತ್ತೆಯ ತವರು ಆಳಂದ ಕಡೆಯ ನರೋಣಾ. ಹಡೆದವರು ಸಣ್ಣಂದಿನಲ್ಲೇ ಸತ್ತರೆಂದೂ ತನಗೆ ಹಿಂದೆ ಮುಂದೆ ಯಾರೂ ಇಲ್ಲವೆಂದೂ ಅವಳೇ ಹೇಳುತ್ತಿದ್ದಳು. ರಸ್ತೆ ಕೆಲಸಕ್ಕೆಂದು ಆ ಕಡೆ ಹೋಗಿದ್ದ ಮಾವ ಅವಳನ್ನು ಕಟ್ಟಿಕೊಂಡು ಬಂದಿದ್ದನಂತೆ. ಇಷ್ಟು ವರ್ಷಗಳಲ್ಲಿ ಅಲ್ಲಿಂದ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ತನ್ನೂರಿನ ಹೆಸರನ್ನೂ ಇವರ ಬಾಯಿಗೆ ಕೊಡಲೊಲ್ಲಳಲ್ಲ, ಎಂಥ ಮಡಿ ಇದು, ಎಂದು ಒಳಗೇ ಕುದಿದಳು.

"ಹೌದೇನ್ರಿ," ಎಂದಳು ಸುವಾರ್ತಮ್ಮ. ಹೊರಗೆ ಹೋಗುತ್ತ ಮತ್ತೊಮ್ಮೆ ಆ ಬೆನ್ನನ್ನು ತಿರುಗಿ ನೋಡಿದಳು. ಸಂಜೆ ಇನ್ನಷ್ಟು ಜೋಳ ತರಲು ಹೊರಟ ಟೆಂಪೊದಲ್ಲಿ ಅವಳೂ ಊರಿಗೆ ಹೋದಳು.

ಮರುದಿನ ಶಿವಗಂಗಾಳಿಗೆ ಕೂತಲ್ಲೇ ಕಣ್ಣು ಕತ್ತಲಿಟ್ಟಿತು. ಗೋಡೆ ಹಿಡಿದು ಎದ್ದಳು.

"ನಿಮ್ಮ ಮಡಿ ನಿಮಗಿರ್ಲಿ, ಅತ್ತಿ. ಹೊಟ್ಯಾನ ಕೂಸಿಗೂ ಜಾತಿ ಕಲಿಸ್ತೀರೇನು? ನಾ ಉಣ್ಣಾಕ ಹೊಂಟೇನಿ."

ಕಾಶಿಬಾಯಿ ಅವಳ ಮುಂಗೈ ಹಿಡಿದಳು.

"ಹೊರಗ ಹೋಗಿ ಉಣ್ಣು, ಬ್ಯಾಡ ಅನ್ನಂಗಿಲ್ಲ. ಆ ಹಿರೇ ಹೆಣಮಗಳ್ನ ಮಾತ್ರ ಒಳಗ ಕರೀಬ್ಯಾಡ. ನಿನ್ನ ಕಾಲು ಬೀಳ್ತೇನಿ."

ಸೊಸೆಯ ಕಾಲಿಗೆ ಬೀಳುವಷ್ಟು ಅಸಹ್ಯವೇ? ಶಿವಗಂಗಾ ಕೈ ಕೊಸರಿಕೊಂಡಳು. ಅಷ್ಟರಲ್ಲಿ ಅಂಗಳದಲ್ಲಿ ಟೆಂಪೊ ನಿಂತಿತು. ಸುವಾರ್ತಮ್ಮ ಒಲೆಗಳ ಕಡೆ ಹೋಗಲಿಲ್ಲ. ನೇರ ಇತ್ತಲೇ ಬಂದಳು. ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು. ಅವಳ ಕೈಯಲ್ಲಿ ಪತ್ರಾವಳಿ ಇರಲಿಲ್ಲ, ಅರಿವೆಯಲ್ಲಿ ಬಿಗಿದ ಬುತ್ತಿಯ ಗಂಟಿತ್ತು. ಶಿವಗಂಗಾಳನ್ನು ಭುಜ ಹಿಡಿದು ಕೂರಿಸಿದಳು. ಕಾಶಿಬಾಯಿ ತಿರುಗಲಿಲ್ಲ.

"ಇದು ನಾ ಮಾಡಿದ್ದಲ್ಲ, ಮಾರ್ತಕ್ಕಾ," ಸುವಾರ್ತಮ್ಮ ಆ ಬೆನ್ನಿಗೆ ಮೆಲ್ಲಗೆ ಹೇಳಿದಳು. "ನೀ ಸತ್ತಿಲ್ಲಂತ ನರೋಣಾದಾಗ ನಮ್ಮವ್ವಗ ಹೇಳ್ದೆ, ಆಕೀನ ಕೂತು ರೊಟ್ಟಿ ಬಡದು ಕಟ್ಟಿ ಕೊಟ್ಟಾಳ." ಹೇಳಿ, ಬುತ್ತಿಯನ್ನು ಶಿವಗಂಗಾಳ ಉಡಿಯಲ್ಲಿಟ್ಟಳು.