ಮೀನಿನ ಪಾಲಿನ ನೀರು

“ಏನ್ರೀ, ಒಂದೀಟ ನೀರ ಕೊಡ್ರಿ,” ಎಂದು ಜ್ವರದಲ್ಲಿ ಮಲಗಿದ್ದ ಐಶ್ವರ್ಯ ಮತ್ತೊಮ್ಮೆ ಕೂಗಿದ್ದು ಆಚೆ ಊರು ಕನ್ನೊಳ್ಳಿಯವರೆಗೂ ಕೇಳಿಸಿರಬೇಕು. ಪಕ್ಕದ ಪಡಸಾಲೆಯಲ್ಲಿದ್ದ ಗಂಡ ಸಂಜೀವಕುಮಾರನಿಗೆ ಮಾತ್ರ ಕೇಳಿಸಲಿಲ್ಲ. ಅರಬ್ಬೀ ಸಮುದ್ರವನ್ನೇ ಸಿಂದಗಿಗೆ ಎಳೆದು ತಂದು ಎರಡಡಿ ಗಾಜಿನ ತೊಟ್ಟಿಯಲ್ಲಿ ಕೂಡಿಹಾಕಿದ್ದ ಆ ಮಹಾಪುರುಷ, ಹೊರ್ತಿಯಿಂದ ಬಂದಿದ್ದ ಗೆಳೆಯನಿಗೆ ತನ್ನ ಹವಳ, ಮೀನು ತೋರಿಸುತ್ತಿದ್ದ. “ಕೂದಲೆಳಿಯಷ್ಟು ನೀರ ಆರಿದ್ರೂ ಈ ಮಶೀನಿಗೆ ತಿಳೀತೈತಿ, ತಾನ ತುಂಬಸ್ತೈತಿ. ಮೀನ ಬಾಯಿ ತೆರದು ಕೇಳೂದ ಬ್ಯಾಡ ನೋಡಪಾ.”

ಗೆಳೆಯನನ್ನು ಬೀಳ್ಕೊಡಲು ಅವನು ಬೀದಿಗಿಳಿದಾಗ ಐಶ್ವರ್ಯ ಗೋಡೆ ಹಿಡಿದು ಬಂದಳು. ಇಡೀ ಮನೆ ಬೋರಿನ ಸವಳು ನೀರು ಕುಡಿಯುತ್ತಿತ್ತು. ಫಿಲ್ಟರಿನ ಸಿಹಿನೀರು ತೊಟ್ಟಿಯ ಸಮುದ್ರಕ್ಕೇ ಮೀಸಲು; ಆರಿದ ನೀರಿನ ಜಾಗಕ್ಕೆ ಸವಳು ಸುರಿದರೆ ಉಪ್ಪು ಏರಿ ಮೀನು ಸಾಯುತ್ತವಂತೆ. ತೊಟ್ಟಿಯ ಕೆಳಗಿನ ಕ್ಯಾನಿನಿಂದ ಮಶೀನು ಅದನ್ನು ಮೇಲೆತ್ತುತ್ತಿತ್ತು. ಅವಳು ಆ ಅಗಲ ಬಾಯಿಯ ಕ್ಯಾನಿಗೇ ಲೋಟ ಅದ್ದಿ, ತಳ ಕಾಣುವವರೆಗೆ ಕುಡಿದಳು.

ನೀರು ತೀರಿತೆಂದು ಮಶೀನು ಸಣ್ಣಗೆ ಕೀಂ ಎಂದಿತು. ಸಂಜೀವಕುಮಾರ ಬೀದಿಯ ತುದಿಯಿಂದ ಬಿರುಗಾಳಿಯಂತೆ ಹಾರಿ ಬಂದ. ಚಪ್ಪಲಿಗಳು ಅಲ್ಲೇ ಉಳಿದವು. ಅಡುಗೆಮನೆಯಿಂದ ಫಿಲ್ಟರಿನ ಕೊಡ ಎತ್ತಿ ತಂದು ಕ್ಯಾನಿಗೆ ಸುರಿಯುತ್ತ, ಹೆಂಡತಿಯ ಕೈಯಲ್ಲಿದ್ದ ಒದ್ದೆ ಲೋಟವನ್ನು ನೋಡಿದ.

“ನೀರ ಬೇಕಿತ್ತಂದ್ರ ನನಗೊಂದು ಮಾತ ಹೇಳಬಾರದೇನ?” ಎಂದ.