ನಾಲ್ಕು ಚರಣದ ದೂರ

ಹಿಂದಿನ ತಿರುವಿನಲ್ಲಿ ಊರಿನ ನೆಲದ ಒಡೆಯರ ಕಾರು ಕಾಣಿಸಿದ್ದೇ ತಡ, ಮೆರವಣಿಗೆಯ ಇನ್ನೂರು ಜನವೂ ಅದರತ್ತ ತಿರುಗಿ ನಡುರಸ್ತೆಯಲ್ಲಿ ಕುಳಿತುಬಿಟ್ಟರು. ಕೂರಿ ಎಂದು ಯಾರೂ ಹೇಳಿರಲಿಲ್ಲ. ಟೋಂಗಾ ದ್ವೀಪಗಳಲ್ಲಿ ಒಡೆಯರು ಎದುರಾದರೆ ಕಾಲು ತಾನಾಗಿಯೇ ಮಡಿಚಿಕೊಳ್ಳುತ್ತದೆ. ಅವರ ತಲೆಗಿಂತ ಪ್ರಜೆಯ ತಲೆ ಮೇಲಿರಬಾರದು. ಸಭೆಗೆ ಹೋಗುವ ಮರ್ಯಾದೆಗೆಂದು ಸೊಂಟಕ್ಕೆ ಸುತ್ತಿದ್ದ ಚಾಪೆಗಳು ಸರಬರ ಎಂದವು. ‘ಶಾಸನಸಭೆಯಲ್ಲಿ ಮೂವತ್ತಮೂರು ಒಡೆಯರಿಗೆ ಒಂಬತ್ತು ಕುರ್ಚಿ, ಲಕ್ಷ ಜನಕ್ಕೂ ಒಂಬತ್ತೇ ಕುರ್ಚಿ’ ಎಂದು ಬರೆದ ಬಟ್ಟೆಯೂ ಹಿಡಿದವರ ಜೊತೆಗೇ ನೆಲಕ್ಕಿಳಿಯಿತು.

“ಅಯ್ಯೋ, ಏಳ್ರಪ್ಪಾ! ಯಾಕೆ ಕೂತ್ರಿ?” ಮುಂದಾಳು ಸೆಮಿಸಿ ಮೇಷ್ಟ್ರು ಕೂಗಿದರು.

“ನೀವೂ ಕೂತ್ಕೊಂಡೇ ಕೂಗ್ತಿದ್ದೀರಲ್ಲ ಮೇಷ್ಟ್ರೇ,” ಎಂದಳು ಪಕ್ಕದಲ್ಲಿದ್ದ ಲೋಸಲಿನೆಯಜ್ಜಿ. ಮೇಷ್ಟ್ರು ತಮ್ಮ ಮಡಿಚಿದ ಕಾಲುಗಳನ್ನು ನೋಡಿಕೊಂಡರು.

ಶಾಸನಸಭೆಗೆ ಕೊಡಬೇಕಾದ ಮನವಿ ಅಜ್ಜಿಯ ಮಡಿಲಲ್ಲಿತ್ತು. ನಾಲ್ಕು ಸಾವಿರ ರುಜು, ಮರದ ನಾರಿನ ಬಟ್ಟೆಯಲ್ಲಿ ಸುತ್ತಿದ ಕಟ್ಟು. ಅಧಿವೇಶನಕ್ಕೆ ಅದೇ ಕಡೆಯ ದಿನ. ಹನ್ನೆರಡಕ್ಕೆ ಗುಮಾಸ್ತನ ಕಿಟಕಿ ಮುಚ್ಚಿದರೆ ಇನ್ನು ಮುಂದಿನ ವರ್ಷವೇ. ಹನ್ನೆರಡಕ್ಕೆ ಹತ್ತು ನಿಮಿಷ ಉಳಿದಿತ್ತು.

ಕಾರು ಬಂದು ನಿಂತಿತು. ಒಂದು ಪಕ್ಕ ಕಡಲ ಕಟ್ಟೆ, ಇನ್ನೊಂದು ಪಕ್ಕ ಗೋಡೆ, ನಡುವೆ ಜನ. ಗಾಜು ಇಳಿಸಿ ಒಡೆಯರು ಹೇಳಿದರು, “ದಾರಿ ಬಿಡಿ. ನನಗೂ ಸಭೆಗೆ ಹೊತ್ತಾಯ್ತು.”

“ಬಿಡ್ತೀವಿ ಬುದ್ದೀ,” ಅಜ್ಜಿ ತಲೆ ತಗ್ಗಿಸಿಯೇ ಎಂದಳು. “ತಾವು ಅತ್ಲಾಗೆ ಹೋದ ತಕ್ಷಣ ಎದ್ದು ಬಿಡ್ತೀವಿ.”

“ನೀವು ಏಳದೆ ನಾನು ಹೋಗೋದು ಹೇಗೆ?”

“ತಾವು ಹೋಗದೆ ನಾವು ಏಳೋದು ಹೇಗೆ ಬುದ್ದೀ?”

ಹಿಂದೆ ಯಾರೋ ಕಿಸಕ್ಕೆಂದರು. ಒಡೆಯರು, “ನಾನೇ ಹೇಳ್ತಿದ್ದೀನಲ್ಲ, ಏಳಿ,” ಎಂದರು.

ಮೇಷ್ಟ್ರು ಅಜ್ಜಿಯ ಕಿವಿಯ ಹತ್ತಿರ ಬಾಗಿದರು. “ಅವರು ಏಳು ಅಂದಾಗ ಏಳೋದಾದ್ರೆ ಈ ಮೆರವಣಿಗೆ ಯಾತಕ್ಕೆ ಬೇಕಿತ್ತಜ್ಜಿ?”

“ಹಂಗಂತ ಇಲ್ಲೇ ಬೇರು ಬಿಡೋಣ್ವಾ? ಕಿಟಕಿ ಮುಚ್ಚುತ್ತೆ.”

ಅಜ್ಜಿ ಕಣ್ಣು ಮುಚ್ಚಿ ದೇವರ ಹಾಡೊಂದನ್ನು ಎತ್ತಿದಳು. ಊರಿನ ಪ್ರಾರ್ಥನಾಲಯದಲ್ಲಿ ನಲವತ್ತು ವರ್ಷ ಹಾಡು ಎತ್ತಿಕೊಟ್ಟ ದನಿ ಅದು. ಈಗಲೂ ಮೆಲ್ಲಗೆ ಎದ್ದಿತು. ಮೊದಲ ಸಾಲು ಮುಗಿಯುವುದರೊಳಗೆ ಇನ್ನೂರು ಜನ ಎದ್ದು ನಿಂತು ದನಿಗೂಡಿಸಿದರು. ದೇವರ ಹಾಡಿಗೆ ಕೂತೇ ಇರುವ ಮನುಷ್ಯ ಆ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ. ಕಾರಿನ ಬಾಗಿಲು ತೆರೆಯಿತು. ಒಡೆಯರೂ ಕೆಳಗಿಳಿದು, ಕಪ್ಪು ಕನ್ನಡಕ ತೆಗೆದು ನಿಂತರು.

“ನಡೀರಿ ನಡೀರಿ,” ಮೇಷ್ಟ್ರು ಉಸಿರೆಳೆದುಕೊಳ್ಳುವ ಸಂದಿನಲ್ಲಿ ಹೇಳಿದರು. “ನಿಧಾನಕ್ಕೆ ಎಳೀರಿ, ಇರೋದು ನಾಲ್ಕೇ ಚರಣ.” ಹಾಡುತ್ತಲೇ ಜನ ಮುಂದಕ್ಕೆ ಸಾಗಿದರು. ಹಾಡಿನ ನಡುವೆ ಕಾರು ಹತ್ತುವುದು ಸಲ್ಲದು. ಒಡೆಯರೂ ಕಟ್ಟೆಯಂಚಿನ ಮರಳಿನಲ್ಲಿ ಕಾಲೆಳೆಯುತ್ತ ಹಿಂದೆ ನಡೆದರು.

ಎಷ್ಟು ಎಳೆದರೂ ನಾಲ್ಕನೆಯ ಚರಣ ಕಿಟಕಿಗೆ ಇಪ್ಪತ್ತು ಹೆಜ್ಜೆ ಇರುವಾಗ ಮುಗಿಯಿತು. ಆಮೆನ್ ಎಂದದ್ದೂ ಗಾಳಿಯಲ್ಲಿ ಕರಗಿತು. ಹಿಂದೆ ಒಡೆಯರಿದ್ದಾರೆ. ಚಾಪೆಗಳು ಮತ್ತೆ ಸರಬರ ಎಂದವು. ಮೇಷ್ಟ್ರೂ ತುಟಿ ಕಚ್ಚಿಕೊಂಡು ಕುಳಿತರು.

ಅಜ್ಜಿಯ ಮೊಣಕಾಲೂ ಅರ್ಧ ಬಾಗಿತ್ತು. ಗುಮಾಸ್ತ ಒಳಗಿನಿಂದ ಕಿಟಕಿಯ ಚಿಲಕಕ್ಕೆ ಕೈ ಹಾಕಿದ್ದು ಕಂಡಿತು. ಯೇಸಪ್ಪಾ, ಈ ಕಾಲನ್ನ ಒಂದು ಚೂರು ಹೊತ್ತು ಹಿಡ್ಕೋ ಎಂದು ಬೇಡಿಕೊಂಡು ಅವಳು ನೆಟ್ಟಗಾದಳು.

“ಲೋಸಲಿನೆ,” ಹಿಂದಿನಿಂದ ಒಡೆಯರು ಕರೆದರು. ದನಿ ಏರಿರಲಿಲ್ಲ. “ನಿನ್ನ ಮನೆ, ನಿನ್ನ ಗೆಣಸಿನ ತೋಟ, ಎಲ್ಲ ನನ್ನ ನೆಲದಲ್ಲಿ ಇರೋದಲ್ವಾ?”

“ಹೌದು ಬುದ್ದೀ,” ಎಂದಳು. ತಿರುಗಲಿಲ್ಲ. ಒಂದೊಂದೇ ಹೆಜ್ಜೆ ಇಟ್ಟು ಇಪ್ಪತ್ತನ್ನೂ ನಡೆದು, ಕಟ್ಟನ್ನು ಕಿಟಕಿಯೊಳಗೆ ತಳ್ಳಿದಳು. ಬೆನ್ನ ಹಿಂದೆ ಏನೋ ಸದ್ದಾಯಿತು. ಅಲೆಯದೋ, ಚಾಪೆಗಳದೋ, ತಿಳಿಯಲಿಲ್ಲ.

ಗುಮಾಸ್ತ ದಪ್ಪ ಪುಸ್ತಕ ತೆರೆದ. “ಯಾರ ಪರವಾಗಿ ಅಂತ ಬರೀಲಿ ಅಜ್ಜಿ? ನೀವೊಬ್ರೇನಾ?”

“ನೀನೇ ನೋಡಿ ಬರ್ಕೊಳ್ಳಪ್ಪ. ತಿರುಗಿ ನೋಡೋಷ್ಟು ಎದೆ ನನಗಿಲ್ಲ.”

ಅವನು ಲೇಖನಿ ಹಿಡಿದೇ ಕಿಟಕಿಯಿಂದ ಕತ್ತು ಹೊರಗೆ ಚಾಚಿದ. ಬಹಳ ಹೊತ್ತು ನೋಡಿದ.

“ಎಲ್ಲರೂ ನಿಂತಿದ್ದಾರಜ್ಜಿ,” ಎಂದ. “ಒಡೇರೊಬ್ರೇ ಕಟ್ಟೆ ಮೇಲೆ ಕೂತ್ಕೊಂಡು ಚಪ್ಪಲಿ ಮರಳು ಕೊಡವ್ತಿದ್ದಾರೆ.”